ಮಾಗಿಯಲ್ಲಿ ಕಾವಲಿನ ದನ



ಸ್ವಾತಿ ಮಳೆ ಹೋಗಿ ಹತ್ತು ದಿನವಾಯಿತು. ಕಡೂರು, ಬೀರೂರು, ಅಜ್ಜಂಪುರದ ಬಯಲಿನಲ್ಲಿ ಮೂಡಗಾಳಿ ಎದ್ದಿದೆ. ರಾಗಿ ಕೊಯ್ಲಿಗೆ ಬಂದಿದೆ, ಎರೆಹೊಲದಲ್ಲಿ ಕಡಲೆಯೂ ಬಿಳಿಜೋಳವೂ ಎದ್ದು ನಿಂತಿವೆ. ಬೆಳಗಿನ ಜಾವ ಹಟ್ಟಿಯ ಬಾಗಿಲು ತೆರೆದರೆ ದನದ ಮೂಗಿನಿಂದ ಹೊಗೆಯಾಡುವ ಉಸಿರು ಕಾಣುತ್ತದೆ. ಇಂಥ ಹೊತ್ತಿನಲ್ಲಿ ದನಕರುಗಳ ಚಳಿಗಾಲದ ಆರೈಕೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಹುಟ್ಟಿದ್ದು ಕಡೂರು ತಾಲ್ಲೂಕಿನಲ್ಲಿ, ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲಿಗೆ, ಅಂದರೆ ಕಾವಲಿಗೆ, ಬೆನ್ನು ಕೊಟ್ಟು ಕೂತ ಒಂದು ಹಳ್ಳಿಯಲ್ಲಿ. ಆಮೇಲೆ ಪಶುವೈದ್ಯನಾಗಿ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಬಹಳ ವರ್ಷ ಓಡಾಡಿದೆ. ಹಾಗಾಗಿ ನನ್ನ ಮಾತು ಆ ಬೂದುಬಣ್ಣದ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ದನಗಳ ಕಡೆಗೆ ತಾನಾಗಿಯೇ ಹೋಗುತ್ತದೆ. ಮನೆಯಲ್ಲಿ ನಾಲ್ಕೇ ರಾಸು ಕಟ್ಟಿಕೊಂಡವರಿಗೂ ಇದರಲ್ಲಿ ಉಪಯೋಗಕ್ಕೆ ಬರುವುದು ಇದೆ.

ಮೊದಲು ಚಳಿಯ ಮಾತನ್ನೇ ಮುಗಿಸಿಬಿಡೋಣ. ಕೆನಡಾ ದೇಶದ ಮಾನಿಟೋಬ ಪ್ರಾಂತ್ಯದಲ್ಲಿ ಚಳಿಗಾಲದ ರಾತ್ರಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ನೆಲವೆಲ್ಲ ಹಿಮ, ಹುಲ್ಲಿನ ಎಸಳೊಂದು ಕಾಣದು. ಅಲ್ಲಿಯ ದನಗಾಹಿ ಆರು ತಿಂಗಳು ಒಣಹುಲ್ಲನ್ನು ಹೊತ್ತು ಹಾಕಿ ಮಂದೆಯನ್ನು ಉಳಿಸಿಕೊಳ್ಳುತ್ತಾನೆ. ನಮ್ಮಲ್ಲಿ ಮಾಗಿಯ ಕೆಟ್ಟ ರಾತ್ರಿಯೂ 11, 12 ಡಿಗ್ರಿಗೆ ಇಳಿದರೆ ದೊಡ್ಡದು. ಬೆಳೆದ ದನ ಆ ಚಳಿಗೆ ಹೆದರುವುದಿಲ್ಲ. ಅವರ ಚಳಿಗಾಲ ನಮಗೆ ಬೇಸಿಗೆಯಲ್ಲಿ ಬರುತ್ತದೆ. ಶಿವರಾತ್ರಿಯಿಂದ ಮೃಗಶಿರಾ ಮಳೆಯವರೆಗೆ ಕಡೂರಿನ ಬಯಲಿನಲ್ಲಿ ನೆಲ ಕಾದು, ಹುಲ್ಲು ಪುಡಿಯಾಗಿ ಗಾಳಿಗೆ ಹಾರಿಹೋಗುತ್ತದಲ್ಲ, ಹಿಮ ಬಿದ್ದಂತೆಯೇ ಅದು. ಮಾಗಿಯಲ್ಲಿ ದನ ಮೈದುಂಬಿ ಹೊಳೆಯುತ್ತಿರುತ್ತದೆ. ನೋಡಿದವರು ಈಗ ಇದಕ್ಕೇನು ಕೊರತೆ ಎನ್ನುತ್ತಾರೆ. ಆ ಮೈಯನ್ನು ಜೂನ್ ತಿಂಗಳವರೆಗೆ ಹೇಗೆ ದಾಟಿಸುತ್ತೀರಿ ಎನ್ನುವುದು ಮಾತ್ರ ಈ ಮೂರು ತಿಂಗಳಲ್ಲೇ ತೀರ್ಮಾನವಾಗುತ್ತದೆ. ಯುಗಾದಿಯ ಹೊತ್ತಿಗೆ ಎಚ್ಚೆತ್ತವರಿಗೆ ಮಾಡಲು ಉಳಿದಿರುವುದು ಸ್ವಲ್ಪವೇ.

ಇದನ್ನು ನಮ್ಮ ಹಿಂದಿನವರು ಎಷ್ಟು ಚೆನ್ನಾಗಿ ಅರಿತಿದ್ದರು ಎಂಬುದಕ್ಕೆ ಕಾವಲುಗಳೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಟಿಪ್ಪು ಸುಲ್ತಾನ ಅದನ್ನು ಅಮೃತಮಹಲ್ ಎಂದು ಕರೆದ, ದನಗಳ ಪಾಲನೆಗೆ ಹುಕುಂನಾಮೆ ಬರೆಸಿದ. ಈ ಎತ್ತುಗಳು ಫಿರಂಗಿ ಎಳೆಯುವುದಕ್ಕೆ ಹೆಸರಾದವು. ಹೈದರಾಲಿಯ ಸೈನ್ಯ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರದ ನೆರವಿಗೆ ಹೋಯಿತೆಂಬುದು ಇಂದಿಗೂ ಹೇಳಿಕೊಂಡು ಬಂದಿರುವ ಮಾತು. ಫಿರಂಗಿಯ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಎತ್ತುಗಳ ಹಿಂದಿದ್ದ ಹುಲ್ಲಿನ ವ್ಯವಸ್ಥೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆರೆದು ನೋಡಿ. ಕಾವಲುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಹಳ್ಳ ಹರಿಯುವಷ್ಟು ದಿನ ಮಾತ್ರ ಮೇವಿರುವ ಜಾಗ ಮಳೆಗಾಲಕ್ಕೆ. ಮಳೆ ನಿಂತ ಮೇಲೂ ನೀರು, ಹುಲ್ಲು ಉಳಿದು, ಬಿಸಿಲು ಏರಿದಾಗ ಬತ್ತುವ ಜಾಗ ಚಳಿಗಾಲಕ್ಕೆ. ಬೇಸಿಗೆಗೆ ಇಟ್ಟಿದ್ದು ಕೆರೆಯ ಅಂಗಳಗಳನ್ನು. ನೀರು ಹಿಂದೆ ಸರಿದಂತೆ ಆ ಹದವಾದ ನೆಲದಲ್ಲಿ ಹಸಿರು ಚಿಗುರುತ್ತದೆ. ದಡದಲ್ಲಿ ಜಾಲಿ, ಹೊಂಗೆಯ ನೆರಳಿದ್ದರೆ ಇನ್ನೂ ಮೇಲು.

ಈ ವಿಂಗಡಣೆಯಲ್ಲಿರುವ ಜಾಣತನವನ್ನು ಗಮನಿಸಿ. ಚಳಿಗಾಲದ ಕಾವಲಿನಲ್ಲಿ ಮಂದೆ ಇರುವಷ್ಟು ದಿನ ಬೇಸಿಗೆಯ ಕಾವಲಿಗೆ ಬಾಯಿ ಬೀಳುತ್ತಿರಲಿಲ್ಲ. ಮಳೆಗಾಲದ ಕಾವಲು ಮುಂದಿನ ಮುಂಗಾರಿನವರೆಗೆ ಮಲಗಿ ಬೇರು ಸುಧಾರಿಸಿಕೊಳ್ಳುತ್ತಿತ್ತು. ದನ ನಡೆಯುತ್ತಿತ್ತು, ಹುಲ್ಲು ಉಳಿಯುತ್ತಿತ್ತು. ಹಳೆಯ ಮೈಸೂರು ಸಂಸ್ಥಾನದಲ್ಲಿ ಇಂಥ ಕಾವಲುಗಳು 200ಕ್ಕೂ ಹೆಚ್ಚಿದ್ದವು, 4 ಲಕ್ಷ ಎಕರೆಗೂ ಮೀರಿ ಹರಡಿದ್ದವು. 1860ರಲ್ಲಿ ಖರ್ಚು ಉಳಿಸಬೇಕೆಂದು ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವಿಲಿಯನ್ ಮಂದೆಯನ್ನೇ ಮಾರಿಸಿದರು. ಆರೇ ವರ್ಷ, ಸೈನ್ಯಕ್ಕೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕೂಡಿಹಾಕಬೇಕಾಯಿತು. ಕಾವಲು ಉಳಿದಿದ್ದರಿಂದ ಮಂದೆ ಮತ್ತೆ ನಿಂತಿತು. ಹುಲ್ಲುಗಾವಲು ಹೋಗಿ ಮಂದೆ ಮಾತ್ರ ಉಳಿದಿದ್ದರೆ ಏನಾಗುತ್ತಿತ್ತೋ, ಅದನ್ನು ನಾವು ಈಗ ನೋಡುತ್ತಿದ್ದೇವೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮಾಗಿಯ ಒಂದು ದಿನ ಹೇಗಿರುತ್ತದೆ ಹೇಳುತ್ತೇನೆ. ನಮ್ಮ ಕಡೆ ದನ ಮೇಯಿಸುವ ಗೊಲ್ಲರ ಹಿರಿಯರು ಚಳಿಗಾಲದಲ್ಲಿ ಬೆಳಗ್ಗೆ ದನ ಬಿಡುವುದಕ್ಕೆ ಅವಸರ ಮಾಡುತ್ತಿರಲಿಲ್ಲ. ಮಳೆಗಾಲದಲ್ಲಿ ಕೋಳಿ ಕೂಗುವ ಹೊತ್ತಿಗೆ ರೊಪ್ಪದ ಮುಳ್ಳು ಸರಿಸುವವರು ಮಾಗಿಯಲ್ಲಿ ಬಿಸಿಲು ಬೆನ್ನಿಗೆ ತಾಕುವವರೆಗೆ ಕಂಬಳಿ ಹೊದ್ದು ಕೂತಿರುತ್ತಿದ್ದರು. ಹುಡುಗನಾಗಿದ್ದಾಗ ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ. ಪಶುವೈದ್ಯ ಕಾಲೇಜಿನಲ್ಲಿ ಹೊಟ್ಟೆಹುಳುವಿನ ಪಾಠ ಕೇಳುವಾಗ ಅದರ ಅರ್ಥ ತಿಳಿಯಿತು. ಸಗಣಿಯಿಂದ ಹೊರಬಂದ ಹುಳುವಿನ ಮರಿಗಳು ಇಬ್ಬನಿಯ ತೇವದಲ್ಲಿ ಹುಲ್ಲಿನ ಎಸಳಿನ ಮೇಲಕ್ಕೆ ಏರಿ ಕೂತಿರುತ್ತವೆ. ಬಿಸಿಲು ಬಂದು ಇಬ್ಬನಿ ಆರಿದ ಹಾಗೆ ಬುಡಕ್ಕೆ ಇಳಿಯುತ್ತವೆ. ಇಬ್ಬನಿಯ ಹುಲ್ಲು ಮೇಯ್ದ ಕರುವಿಗೆ ಹೊಟ್ಟೆ ಉಬ್ಬಿ, ಕೂದಲು ಒರಟಾಗಿ, ಗದ್ದದ ಕೆಳಗೆ ನೀರು ಸೇರುವುದು ಅದಕ್ಕೇ. ಆ ಹಿರಿಯರಿಗೆ ಹುಳುವಿನ ಹೆಸರು ಗೊತ್ತಿರಲಿಲ್ಲ, ಇಬ್ಬನಿಯ ಹುಲ್ಲು ಕರುವಿಗೆ ಆಗದು ಎನ್ನುವುದು ಗೊತ್ತಿತ್ತು.

ಬಿಡುವ ಮುಂಚೆ ಎಣಿಕೆ. ಅಮೃತಮಹಲ್ ಮಂದೆಯಲ್ಲಿ ತಾಯಿಯ ಹೆಸರೇ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬರುತ್ತದೆ. ಕರಿಯಕ್ಕನ ಮಗಳೂ ಕರಿಯಕ್ಕನೇ. ಹಾಗಾಗಿ ಎಣಿಸುವುದೆಂದರೆ ಮನೆತನಗಳನ್ನು ಎಣಿಸಿದ ಹಾಗೆ. ಎಷ್ಟು ತಲೆ ಎಂದು ಕೇಳಿದರೆ ಕಾಯುವವನು ಒಂದು ಗಳಿಗೆ ತಡೆಯುತ್ತಾನೆ, ಯಾರು ಬಂದಿಲ್ಲ ಎಂದು ಕೇಳಿದರೆ ತಟ್ಟನೆ ಹೇಳುತ್ತಾನೆ. ಈ ದನಗಳು ಅಪರಿಚಿತರನ್ನು ಹತ್ತಿರ ಬಿಡುವುದಿಲ್ಲ. ನಾನು ಕೈಯಲ್ಲಿ ಸೂಜಿ ಹಿಡಿದು ಹೋದಾಗಲಂತೂ ಕೊಂಬು ಮುಂದೆ ಮಾಡಿ ಸಾಲಾಗಿ ನಿಲ್ಲುತ್ತಿದ್ದವು. ತೋಳದ ಸುಳಿವು ಸಿಕ್ಕರೆ ಹಸುಗಳು ಕರುಗಳನ್ನು ನಡುವೆ ಹಾಕಿಕೊಂಡು ಹೊರಮುಖವಾಗಿ ಸುತ್ತುಗಟ್ಟುತ್ತವೆ ಎಂದು ಕಾಯುವವರು ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಮುಸ್ಸಂಜೆಯಲ್ಲಿ ಒಮ್ಮೆ ಮಾತ್ರ, ಅದೂ ಬೀದಿನಾಯಿಗಳ ಎದುರು. ಆ ಕೊಂಬುಗಳ ಸಾಲು ಈಗಲೂ ಕಣ್ಣ ಮುಂದಿದೆ.

ನೀರಿನ ವಿಷಯದಲ್ಲಿ ಮಾಗಿ ಮೋಸಮಾಡುತ್ತದೆ. ತಣ್ಣೀರಿಗೆ ದನ ಬಾಯಿ ಹಾಕಿ ಹಿಂದೆಗೆಯುತ್ತದೆ. ಬಾಯಾರಿಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಇತ್ತ ಹುಲ್ಲು ದಿನದಿನಕ್ಕೆ ಒಣಗುತ್ತಿರುತ್ತದೆ. ಒಣಮೇವು ಹೆಚ್ಚಿ ನೀರು ಕಡಿಮೆಯಾದರೆ ಹೊಟ್ಟೆ ಕಟ್ಟುತ್ತದೆ, ಮೆಲುಕು ನಿಲ್ಲುತ್ತದೆ. ಬೆಳಗಿನ ತೊಟ್ಟಿಯ ನೀರಿಗಿಂತ ಮಧ್ಯಾಹ್ನ ಬಿಸಿಲು ಕುಡಿದ ಕಟ್ಟೆಯ ನೀರಿಗೆ ಹೊಡೆದುಕೊಂಡು ಹೋಗಿ. ನೆಕ್ಕಲು ಉಪ್ಪು ಇಟ್ಟರೆ ತಾನಾಗಿ ಹೆಚ್ಚು ಕುಡಿಯುತ್ತದೆ. ಕಾಲುಬಾಯಿ ಬೇನೆಯ ಲಸಿಕೆಯನ್ನು ಜಾತ್ರೆಗಳು ಶುರುವಾಗುವ ಮುಂಚೆ ಹಾಕಿಸಿಕೊಳ್ಳಿ. ಮಾಗಿ ಕಳೆದರೆ ಜಾತ್ರೆ, ಜಾತ್ರೆಯಲ್ಲಿ ನಾಲ್ಕೂರಿನ ದನ ಒಂದೇ ತೊಟ್ಟಿಯಲ್ಲಿ ಬಾಯಿಡುತ್ತವೆ. ಇಷ್ಟು ನಿಮಗೆ ಗೊತ್ತಿರುವುದೇ.

ಇನ್ನು ಜೋಳದ ಮಾತು. ಇದನ್ನು ಹೇಳುವಾಗ ನನಗೆ ಈಗಲೂ ಎದೆ ಭಾರವಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದ ವರ್ಷ ಹಿಂಗಾರು ಕೈಕೊಟ್ಟು ನಮ್ಮ ಹೊಲದ ಜೋಳ ಮೊಣಕಾಲೆತ್ತರಕ್ಕೆ ಬಾಡಿ ನಿಂತಿತ್ತು. ಬೆಳೆಯಂತೂ ಬರುವುದಿಲ್ಲ, ದನವಾದರೂ ತಿನ್ನಲಿ ಎಂದು ನಾನೇ ಹಗ್ಗ ಬಿಚ್ಚಿ ನಮ್ಮ ಗಬ್ಬದ ಹಸುವನ್ನು ಒಳಗೆ ಬಿಟ್ಟೆ. ಅಪ್ಪ ಊರಲ್ಲಿರಲಿಲ್ಲ. ಅರ್ಧ ಗಂಟೆಯೂ ಆಗಿರಲಿಲ್ಲ, ಹಸು ಬಾಯಿ ತೆರೆದು ಏದುಸಿರು ಬಿಡಲು ಶುರುಮಾಡಿತು, ತೂರಾಡಿತು, ಬದುವಿನ ಮೇಲೆ ಬಿತ್ತು. ಕಣ್ಣಿನ ಒಳಪದರ ಕೆಂಪಗೆ ಹೊಳೆಯುತ್ತಿತ್ತು. ಯಾರನ್ನು ಕರೆಯುವುದಕ್ಕೂ ಹೊತ್ತಿರಲಿಲ್ಲ. ಎಳೆಯ ಜೋಳದಲ್ಲಿ, ನೀರಿಲ್ಲದೆ ಮುರುಟಿದ ಜೋಳದಲ್ಲಿ, ಕೊಯ್ದ ಕೂಳೆಯಿಂದ ಹೊಡೆದ ಚಿಗುರಿನಲ್ಲಿ ಸಯನೈಡ್ ವಿಷ ಕೂಡಿರುತ್ತದೆ. ಹೊಟ್ಟೆಗೆ ಹೋದೊಡನೆ ರಕ್ತಕ್ಕೆ ಇಳಿದು, ಉಸಿರಾಡಿದ ಗಾಳಿಯನ್ನು ಮೈ ಬಳಸಿಕೊಳ್ಳದ ಹಾಗೆ ತಡೆಯುತ್ತದೆ. ಕೂಡಲೇ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಸಿಕ್ಕರೆ ಕೆಲವು ಉಳಿಯುತ್ತವೆ. ತೆನೆ ಬಿಟ್ಟು ಬಲಿತ ಜೋಳಕ್ಕೆ ಈ ಭಯ ಬಹಳ ಕಡಿಮೆ; ಚೆನ್ನಾಗಿ ಒಣಗಿಸಿದ ಸಪ್ಪೆಗೆ ಇನ್ನೂ ಕಡಿಮೆ. ಅಜ್ಜಂಪುರದ ಎರೆಸೀಮೆಯವರು ಈ ವರ್ಷ ಮಳೆ ಕಡಿಮೆಯಾದ ಹೊಲದ ಹತ್ತಿರ ದನ ಮೇಯಿಸುವಾಗ ಹಗ್ಗ ಕೈಯಲ್ಲೇ ಇರಲಿ. ನಾನು ಪಶುವೈದ್ಯನಾಗಲು ಕಾರಣ ಆ ಬದುವಿನ ಮೇಲೆ ಬಿದ್ದ ಹಸು.

ಈಗ ಹುಲ್ಲಿನ ಲೆಕ್ಕ. ಒಂದು ಅಮೃತಮಹಲ್ ಹಸು ಸುಮಾರು 300 ಕಿಲೋ ತೂಗುತ್ತದೆ ಅನ್ನಿ. ದಿನಕ್ಕೆ ಆರೂವರೆ ಕಿಲೋ ಒಣಮೇವು ಬೇಕು. ಶಿವರಾತ್ರಿಯಿಂದ ಮೃಗಶಿರಾ ಮಳೆಗೆ ಹೆಚ್ಚು ಕಡಿಮೆ 100 ದಿನ. ಮಳೆ ಬಿದ್ದ ಮಾರನೇ ದಿನವೇ ಹುಲ್ಲು ಬಾಯಿಗೆ ಸಿಗುವುದಿಲ್ಲ, ಇನ್ನೊಂದು ತಿಂಗಳು ಸೇರಿಸಿ. ಒಂದು ಹಸುವಿಗೆ ಎಂಟುನೂರೈವತ್ತು ಕಿಲೋ ಆಯಿತು. ಅಷ್ಟು ಮೆದೆಯಲ್ಲಿದೆಯೇ ಎಂದು ಈಗ, ಕಾರ್ತಿಕದಲ್ಲಿ, ನೋಡಬೇಕು. ಇಲ್ಲವಾದರೆ ರಾಗಿಹುಲ್ಲು ಕೊಳ್ಳುವ ಕಾಲವೂ ಇದೇ. ಒಕ್ಕಣೆಯ ಕಾಲದ ಬೆಲೆ ಏಪ್ರಿಲಿನಲ್ಲಿ ಸಿಗುವುದಿಲ್ಲ.

ಕಾವಲಿನ ಹುಲ್ಲನ್ನು ಕೊಯ್ಯುವವರು ಹೂವಾಡುವಾಗಲೇ ಕುಡುಗೋಲು ಹಾಕಬೇಕು. ತಡಮಾಡಿದರೆ ಹುಲ್ಲಿನ ಸತ್ವವೆಲ್ಲ ಬೀಜಕ್ಕೆ ಏರಿ ಉದುರಿಹೋಗುತ್ತದೆ, ಕಡ್ಡಿ ಉಳಿಯುತ್ತದೆ. ಊಬಿನ ಹುಲ್ಲಿನದು ಇನ್ನೂ ಕಷ್ಟ. ಅದರ ಊಬು ಬಲಿತರೆ ಸೂಜಿ. ದನದ ವಸಡಿಗೆ, ನಾಲಗೆಯ ಬುಡಕ್ಕೆ ಚುಚ್ಚಿಕೊಂಡು ಕೀವಾಗುತ್ತದೆ. ಬಾಯಿಂದ ಜೊಲ್ಲು ಸುರಿಯುತ್ತಿದೆ ಎಂದು ಕಾಲುಬಾಯಿ ಬೇನೆಯ ಭಯದಲ್ಲಿ ನನ್ನನ್ನು ಕರೆಸಿದ ಎಷ್ಟೋ ಮನೆಗಳಲ್ಲಿ ನಾನು ಚಿಮಟದಿಂದ ಊಬು ಕಿತ್ತು ಬಂದಿದ್ದೇನೆ. ಮೆದೆಯನ್ನು ನೆಲಕ್ಕೆ ತಾಕಿಸಬೇಡಿ, ಕಲ್ಲು ಹರಡಿ ಮೇಲೆ ಕಟ್ಟಿಗೆ ಅಡ್ಡ ಹಾಕಿ ಒಟ್ಟಿ. ಬರಿಯ ಕಡ್ಡಿಯಂಥ ಹುಲ್ಲೇ ಗತಿ ಎಂದಾದರೆ 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡುವ ವಿಧಾನವಿದೆ. ತೆಗೆದ ಮೇಲೆ ವಾಸನೆ ಹೋಗುವಂತೆ ಹರಡಿ, ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ಎಳೆಗರುಗಳಿಗೆ ಇದನ್ನು ಹಾಕಲೇಬೇಡಿ. ಯೂರಿಯಾ ನೀರು ದನದ ಬಾಯಿಗೆ ಸಿಗುವ ಜಾಗದಲ್ಲಿ ಇರಲೂಬಾರದು. ಮೊದಲ ಸಲ ನಿಮ್ಮ ಪಶುವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ.

ಯಾವ ಹೊತ್ತಿಗೆ ಹುಲ್ಲು ಹಾಕಬೇಕು? ಸಂಜೆ. ಒಣಹುಲ್ಲು ದೊಡ್ಡ ಹೊಟ್ಟೆಯಲ್ಲಿ ನಿಧಾನವಾಗಿ ಹುದುಗುವಾಗ ಶಾಖ ಏಳುತ್ತದೆ. ರಾತ್ರಿಯೆಲ್ಲ ಒಳಗೊಂದು ಒಲೆ ಉರಿದ ಹಾಗೆ. ಮಾಗಿಯ ರಾತ್ರಿಯಲ್ಲಿ ಗಬ್ಬದ ಹಸುವಿಗೆ ಇದಕ್ಕಿಂತ ಒಳ್ಳೆಯ ಕಂಬಳಿ ಇಲ್ಲ. ಆಗಲೇ ಹೇಳಿದ ಮಾನಿಟೋಬದಲ್ಲಿ ಗಸ್ ಕೊನೆಫಾಲ್ ಎಂಬ ರೈತ 1970ರ ದಶಕದಲ್ಲಿ ಇನ್ನೊಂದನ್ನು ಕಂಡುಕೊಂಡ. ಗಬ್ಬದ ಹಸುಗಳಿಗೆ ಮೇವನ್ನು ರಾತ್ರಿಯ ಕಡೆಗೆ ಹಾಕುತ್ತ ಬಂದರೆ ಹೆಚ್ಚಿನವು ಹಗಲಲ್ಲೇ ಕರು ಹಾಕುತ್ತವೆ ಎಂದು. ಹಿಮದ ರಾತ್ರಿಯಲ್ಲಿ ಹುಟ್ಟಿ ಸಾಯುತ್ತಿದ್ದ ಕರುಗಳು ಹೀಗೆ ಉಳಿದವು. ನಮಗೂ ಇದು ಬೇಕಾದದ್ದೇ, ಏಕೆಂದರೆ ಚಳಿ ನಿಜವಾಗಿ ಮುಟ್ಟುವುದು ಹೊಸ ಕರುವನ್ನು. ಮೈ ಒದ್ದೆ, ಮೂಡಗಾಳಿ, ಹೊಟ್ಟೆಯಲ್ಲಿ ಏನೂ ಇಲ್ಲ. ಗೋಣಿಯಿಂದ ಮೈ ಉಜ್ಜಿ ಒಣಗಿಸಿ, ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಗಿಣ್ಣು ಮನೆಮಂದಿಗೆ ಪ್ರಿಯವೆಂದು ಗೊತ್ತು. ಮೊದಲ ಪಾಲು ಕರುವಿನದು. ಅಮೃತಮಹಲ್ ಹಸು ಕೊಡುವುದು ದಿನಕ್ಕೆ ಒಂದೆರಡು ಲೀಟರ್ ಹಾಲು, ಅದೂ ಕರುವಿಗೆ ಎಂದೇ. ಹುಟ್ಟಿದಾಗ ಕೆಂಚಗೆ ಇರುವ ಆ ಕರು ಮೂರು ನಾಲ್ಕು ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗುವುದನ್ನು ನೋಡಿ ಸುಖಪಟ್ಟವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಕಾವಲಿನ ಮಾತಿಗೆ ಬರುತ್ತೇನೆ ಎಂದಿದ್ದೆ. 1940ರ ದಶಕದಲ್ಲಿ ಹೆಚ್ಚು ಆಹಾರ ಬೆಳೆಯಬೇಕೆಂದು ಕಾವಲುಗಳು ಉಳುಮೆಗೆ ಹೋದವು. ಹೊಟ್ಟೆಗಿಲ್ಲದ ಕಾಲ, ಅದನ್ನು ನಾನು ತಪ್ಪೆನ್ನಲಾರೆ. ಆಮೇಲೆ ನೀಲಗಿರಿ ನೆಟ್ಟರು, ನಿವೇಶನ ಮಾಡಿದರು. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. 1929ರಿಂದ ನಡೆದು ಬಂದಿರುವ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ, ಅದರ ಬೀರೂರು, ಬಾಸೂರು, ಲಿಂಗದಹಳ್ಳಿಯ ಶಾಖೆಗಳು ಉಳಿದಿದ್ದನ್ನು ಹಿಡಿದುಕೊಂಡಿವೆ. ಈಗಲೂ ಹೋರಿಗರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ. ಆದರೆ ಮಳೆಗಾಲದ ಕಾವಲಿನಿಂದ ಚಳಿಗಾಲದ್ದಕ್ಕೆ, ಅಲ್ಲಿಂದ ಬೇಸಿಗೆಯದಕ್ಕೆ ನಡೆದು ಹೋಗುವ ದಾರಿ ಕಡಿದುಹೋಗಿದೆ. ಕೆರೆಯಂಗಳಗಳು ಮಂದೆಗೆ ಸಿಗುವುದಿಲ್ಲ. ಮೂರು ಕಾಲದ ಮೇವನ್ನು ಒಂದೇ ನೆಲ ಕೊಡಬೇಕಾಗಿದೆ. ಹುಲ್ಲು ಬೀಜ ಕಟ್ಟುವ ಮುಂಚೆಯೇ ಬಾಯಿಗೆ ಹೋದರೆ ಮುಂದಿನ ವರ್ಷ ಅಲ್ಲಿ ಲಂಟಾನ ಬರುತ್ತದೆ, ಬಳ್ಳಾರಿ ಜಾಲಿ ಬರುತ್ತದೆ. ಇದನ್ನು ಬರಿಯ ಕೊಟ್ಟಿಗೆಯ ಆರೈಕೆಯಿಂದ ತುಂಬಿಕೊಡಲು ನನ್ನ ವಿದ್ಯೆಯಲ್ಲಿ ಔಷಧಿಯಿಲ್ಲ. ಊರಿನ ಗೋಮಾಳ ಹತ್ತೇ ಎಕರೆ ಉಳಿದಿದ್ದರೂ ಅದನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಸಂಕ್ರಾಂತಿಯವರೆಗೆ ದನ ಬಿಡದೆ ಇರಲು ಹತ್ತು ಮನೆಯವರು ಕೂತು ಮಾತಾಡಿಕೊಳ್ಳಬಹುದು. ನಮ್ಮ ಊರಿನಲ್ಲಿ ಒಂದು ಕಾಲಕ್ಕೆ ಹಾಗೆ ಮಾಡುತ್ತಿದ್ದರು. ಬೇವಿನ ಸೊಪ್ಪು ಕಟ್ಟಿದ ಒಂದು ಹಗ್ಗ ಅಡ್ಡ ಎಳೆದರೆ ಯಾರೂ ದಾಟುತ್ತಿರಲಿಲ್ಲ.

ಹೋದ ವರ್ಷ ಪುಷ್ಯಮಾಸದಲ್ಲಿ ಬಾಸೂರು ಕಾವಲಿಗೆ ಹೋಗಿದ್ದೆ. 2011ರಲ್ಲಿ ಅದನ್ನು ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಮೇಲೆ ಹುಲ್ಲಿಗೂ ಒಂದು ಕಾವಲು ಸಿಕ್ಕಂತಾಗಿದೆ. ಬೆಂಕಿ ಹರಡದಂತೆ ಅಂಚಿನಲ್ಲಿ ಹುಲ್ಲು ಕೆರೆದು ಬೋಳು ಪಟ್ಟಿ ಮಾಡಿದ್ದರು. ಹೊತ್ತು ಇಳಿಯುತ್ತಿತ್ತು. ಮಧ್ಯ ಏಷ್ಯಾದ ಹಿಮ ತಪ್ಪಿಸಿಕೊಂಡು ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಹುಲ್ಲಿನ ಮೇಲೆ ತೇಲಿ ತೇಲಿ, ರಾತ್ರಿ ತಂಗಲು ಜಾಗ ನೋಡುತ್ತಿದ್ದವು. ದೂರದಲ್ಲಿ ಮಂದೆ ರೊಪ್ಪದ ಕಡೆ ತಿರುಗಿತ್ತು. ಕಾಯುವವನು ಬಾಗಿಲಲ್ಲಿ ನಿಂತು ತುಟಿಯಲ್ಲೇ ಹೆಸರು ಹೇಳಿಕೊಳ್ಳುತ್ತ ಒಂದೊಂದನ್ನೇ ಒಳಗೆ ಬಿಟ್ಟ. ಕೊನೆಯಲ್ಲಿ ಒಂದು ಹಸು ಒಳಗೆ ಬರದೆ ಹಿಂದಕ್ಕೆ ನೋಡಿ ಕೂಗಿತು. ಅವನು ನನಗೆ ಏನೂ ಹೇಳಲಿಲ್ಲ. ಹೆಗಲ ಮೇಲಿನ ಕಂಬಳಿ ಎಳೆದುಕೊಂಡು ಹುಲ್ಲಿನೊಳಕ್ಕೆ ನಡೆದ. ಕತ್ತಲಾಗುವ ಹೊತ್ತಿಗೆ ತಿರುಗಿ ಬಂದಾಗ ಕಂಬಳಿ ಅವನ ಮೈಮೇಲೆ ಇರಲಿಲ್ಲ, ತೋಳಿನಲ್ಲಿದ್ದ ಕೆಂಚು ಕರುವಿಗೆ ಸುತ್ತಿತ್ತು. ಹಸು ಅವನ ಮೊಣಕೈಯನ್ನು ಮೂಸುತ್ತ ಜೊತೆಯಲ್ಲೇ ಒಳಗೆ ಹೋಯಿತು.